ನಂಜೇರುವ ಮೊದಲಿನ ಗಂಟೆಗಳು: ನಾಡಿಬಡಿತ ಏನು ಹೇಳಬಲ್ಲದು?



2025ರ ಬೇಸಿಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ನಮ್ಮ ಹಾಸನ ಜಿಲ್ಲೆಯ ಹೆಸರು ರಾಜ್ಯದ ಪತ್ರಿಕೆಗಳಲ್ಲಿ ದಿನವೂ ಬರುತ್ತಿತ್ತು. ಚಿಕ್ಕ ವಯಸ್ಸಿನವರೂ ಹೃದಯಾಘಾತದಿಂದ ಹಠಾತ್ತನೆ ತೀರಿಕೊಳ್ಳುತ್ತಿದ್ದಾರೆ ಎಂಬ ಸುದ್ದಿ ಕೇಳಿ ಜನ ಗಾಬರಿಬಿದ್ದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಜಿಲ್ಲೆಯಲ್ಲಿ ಇಂಥ ಸಾವು ಅಸಹಜವಾಗಿ ಏರಿದೆ ಎನ್ನಲು ಆಧಾರವಿಲ್ಲವೆಂದು ಸಮಿತಿ ಹೇಳಿದ ಮೇಲೆ ಗದ್ದಲ ತಣ್ಣಗಾಯಿತು. ಆದರೂ ಎದೆ ಸ್ವಲ್ಪ ಜೋರಾಗಿ ಬಡಿದರೆ ಇಸಿಜಿ ಮಾಡಿಸಬೇಕೆಂಬ ಎಚ್ಚರ ಅನೇಕರಲ್ಲಿ ಉಳಿದಿದೆ. ಒಳ್ಳೆಯದೇ. ಆದರೆ ಎದೆಬಡಿತ ಹೃದಯದ ಕಾಯಿಲೆಯನ್ನು ಮಾತ್ರ ಹೇಳುವುದಿಲ್ಲ. ಮೂತ್ರನಾಳದಲ್ಲೋ ಶ್ವಾಸಕೋಶದಲ್ಲೋ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನಲ್ಲೋ ಹುಟ್ಟಿದ ಸೋಂಕು ಕೈಮೀರುತ್ತಿದ್ದರೆ, ಆ ಸುಳಿವೂ ಬಹಳ ಸಲ ಮೊದಲು ಸಿಗುವುದು ಅಲ್ಲೇ. ಇಸಿಜಿ ಸರಿಯಿದೆ ಎಂದು ನಿಟ್ಟುಸಿರು ಬಿಟ್ಟು ಮನೆಗೆ ಹೋದವರ ನಾಡಿ ನಿಮಿಷಕ್ಕೆ 120 ಏಕೆ ಇತ್ತು ಎಂಬ ಪ್ರಶ್ನೆ ಹಾಗೇ ಉಳಿದುಬಿಡಬಹುದು. ಆ ಪ್ರಶ್ನೆಯೇ ಇಂದಿನ ವಿಷಯ. ಸೆಪ್ಸಿಸ್ ರೋಗಿ ಹದಗೆಡಲಿದ್ದಾನೆ ಎಂಬುದನ್ನು ಮೊದಲೇ ತಿಳಿಯಲು ಒಂದು ಸಲ ನೋಡಿದ ನಾಡಿ ಸಾಲದು, ಗಂಟೆಗಂಟೆಗೂ ನೋಡಿ ಬರೆದಿಟ್ಟ ನಾಡಿ ಬೇಕು. ಅಂಥ ಬರಹದ ಅಗತ್ಯ ದೊಡ್ಡ ಊರಿನ ಐಸಿಯುಗಿಂತ ಹಳೇಬೀಡಿನಂಥ ಊರಿನ ಆಸ್ಪತ್ರೆಯಲ್ಲಿ ಹೆಚ್ಚು ಎಂಬುದು ನನ್ನ ವಾದ.

ಸೆಪ್ಸಿಸ್ ಎಂದರೆ ಬರಿಯ ಸೋಂಕಲ್ಲ. 2016ರಲ್ಲಿ ಅಂತರರಾಷ್ಟ್ರೀಯ ತಜ್ಞರ ಮಂಡಳಿ ಒಪ್ಪಿದ ವ್ಯಾಖ್ಯೆಯಂತೆ, ಸೋಂಕಿಗೆ ಶರೀರ ತೋರುವ ಪ್ರತಿಕ್ರಿಯೆ ಹಿಡಿತ ತಪ್ಪಿ ತನ್ನದೇ ಅಂಗಗಳನ್ನು ಪ್ರಾಣಾಪಾಯವಾಗುವಷ್ಟು ಕೆಡಿಸುವ ಸ್ಥಿತಿ ಅದು. ಹಳ್ಳಿಯ ಕಡೆ ನಂಜೇರಿತು ಎನ್ನುತ್ತಾರೆ, ಆಸ್ಪತ್ರೆಯ ಬಾಗಿಲಲ್ಲಿ ಇನ್‌ಫೆಕ್ಷನ್ ಜಾಸ್ತಿಯಾಯ್ತು ಎನ್ನುತ್ತಾರೆ. 2017ರಲ್ಲಿ ಜಗತ್ತಿನಲ್ಲಿ ಸುಮಾರು 4.89 ಕೋಟಿ ಜನರಿಗೆ ಸೆಪ್ಸಿಸ್ ಬಂದು 1.1 ಕೋಟಿ ಜನ ತೀರಿಕೊಂಡರೆಂದು 2020ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ಆ ವರ್ಷದ ಐದು ಸಾವುಗಳಲ್ಲಿ ಒಂದು ಎಂದಾಯಿತು. ಇದರಲ್ಲಿ ಹೊತ್ತಿಗೆ ಬಹಳ ಬೆಲೆ. ನ್ಯೂಯಾರ್ಕ್ ರಾಜ್ಯದ 149 ಆಸ್ಪತ್ರೆಗಳ 49,331 ರೋಗಿಗಳ ದಾಖಲೆಗಳನ್ನು ನೋಡಿದ 2017ರ ಅಧ್ಯಯನದಲ್ಲಿ, ಆರಂಭದ ಚಿಕಿತ್ಸೆ ಮುಗಿಯುವುದು ಒಂದೊಂದು ಗಂಟೆ ತಡವಾದಂತೆ ಸಾವಿನ ಸಂಭವ ಶೇಕಡಾ 4ರಷ್ಟು ಏರುತ್ತಾ ಹೋಯಿತು. ಇದು ದಾಖಲೆ ನೋಡಿ ಮಾಡಿದ ಲೆಕ್ಕ, ಪ್ರಯೋಗವಲ್ಲ. ಆದ್ದರಿಂದ ಆ 4ನ್ನು ಕಲ್ಲಿನ ಮೇಲಿನ ಬರಹವೆಂದು ಹಿಡಿಯಬೇಕಾಗಿಲ್ಲ. ತಡವಾದಷ್ಟೂ ಕೆಡುಕು ಎಂಬ ದಿಕ್ಕಂತೂ ಸ್ಪಷ್ಟ. ಹಳೇಬೀಡಿನಿಂದ ಹಾಸನಕ್ಕೆ 30 ಕಿಲೋಮೀಟರ್ ಆಸುಪಾಸು. ಆ ದಾರಿ ದೊಡ್ಡದಲ್ಲ. ಹೊರಡಬೇಕೋ ಬೇಡವೋ ಎಂದು ತೀರ್ಮಾನಿಸಲು ಹಿಡಿಯುವ ಹೊತ್ತೇ ದೊಡ್ಡದು.

ನಾಡಿ ಏಕೆ ಮೊದಲು ಏರುತ್ತದೆ? ಸೆಪ್ಸಿಸ್‌ನಲ್ಲಿ ರಕ್ತನಾಳಗಳು ಸಡಿಲಗೊಂಡು ಹಿಗ್ಗುತ್ತವೆ, ಅವುಗಳ ಗೋಡೆಯಿಂದ ನೀರಿನಂಶ ಹೊರಕ್ಕೆ ಸೋರುತ್ತದೆ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಒಂದು ಬಡಿತಕ್ಕೆ ಹೊರಬೀಳುವ ರಕ್ತ ಇಳಿದಾಗ ಬಡಿತದ ಸಂಖ್ಯೆ ಏರಿಸಿ ಶರೀರ ಸರಿದೂಗಿಸುತ್ತದೆ. ಕೊಳವೆ ಸೋರುತ್ತಿದ್ದರೂ ಪಂಪ್‌ಸೆಟ್ ಹೆಚ್ಚು ಓಡಿ ತೊಟ್ಟಿಯ ಮಟ್ಟ ಕಾಯ್ದುಕೊಂಡ ಹಾಗೆ. ಮಟ್ಟವನ್ನಷ್ಟೇ ನೋಡುವವನಿಗೆ ಸೋರಿಕೆ ತಿಳಿಯುವುದಿಲ್ಲ. ಇಲ್ಲಿ ಮಟ್ಟ ಎಂದರೆ ಬಿಪಿ. ಚಿಕ್ಕ ವಯಸ್ಸಿನವರಲ್ಲಿ, ಅದರಲ್ಲೂ ಬಾಣಂತಿಯರಲ್ಲಿ, ಬಿಪಿ ಬಹಳ ಹೊತ್ತು ಚೆನ್ನಾಗಿಯೇ ಇದ್ದು ಕೊನೆಗೆ ಒಮ್ಮೆಲೇ ಕುಸಿಯಬಹುದು. ಹಾಗಾಗಿ ನಾಡಿಯ ಸಂಖ್ಯೆಯನ್ನು ಬಿಪಿಯ ಮೇಲಿನ ಅಂಕೆಯಿಂದ ಭಾಗಿಸಿ ನೋಡುವ ಸರಳ ಲೆಕ್ಕವೊಂದನ್ನು 1967ರಲ್ಲಿ ಆಲ್‌ಗೋವರ್ ಮತ್ತು ಬುರಿ ಎಂಬ ವೈದ್ಯರು ಮುಂದಿಟ್ಟರು. ಅದನ್ನು ಶಾಕ್ ಇಂಡೆಕ್ಸ್ ಎನ್ನುತ್ತಾರೆ. ಬಾಣಂತಿಯೊಬ್ಬಳ ಬಿಪಿಯ ಮೇಲಿನ ಅಂಕೆ 110, ನಾಡಿ 84 ಎಂದುಕೊಳ್ಳಿ. ಭಾಗಿಸಿದರೆ 0.76. ಎರಡು ಗಂಟೆ ಬಿಟ್ಟು ಬಿಪಿ 106, ನಾಡಿ 112. ಬಿಪಿಯನ್ನು ಮಾತ್ರ ನೋಡಿದರೆ ಏನೂ ಆಗಿಲ್ಲ. ಭಾಗಲಬ್ಧ ಮಾತ್ರ 1.06ಕ್ಕೆ ಏರಿದೆ. 0.9 ದಾಟಿದರೆ ಎಚ್ಚರ ಎಂಬುದು ಬಾಣಂತಿಯರ ವಿಷಯದಲ್ಲಿ ಬಳಕೆಯಲ್ಲಿರುವ ಗೆರೆ. ಈಗಿನ ಡಿಜಿಟಲ್ ಬಿಪಿ ಮೆಷಿನ್‌ನಲ್ಲಿ ನಾಡಿ ಮೂರನೆಯ ಅಂಕೆಯಾಗಿ ತಾನೇ ಬರುತ್ತದೆ. ಮೇಲಿನ ಎರಡನ್ನು ಬರೆದುಕೊಂಡು ಅದನ್ನು ಬಿಟ್ಟುಬಿಡುವುದು ಎಷ್ಟು ಸುಲಭ ಎಂದು ಬೇರೆ ಹೇಳಬೇಕಿಲ್ಲ.

ಸಂಖ್ಯೆಗಿಂತ ಸೂಕ್ಷ್ಮವಾದ ಇನ್ನೊಂದು ಸುಳಿವಿದೆ. ಆರೋಗ್ಯವಂತರ ಎದೆ ಗಡಿಯಾರದಂತೆ ಸಮನಾಗಿ ಬಡಿಯುವುದಿಲ್ಲ. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವಿನ ಅಂತರ ಉಸಿರಿನ ಜೊತೆ, ನರಗಳ ಹತೋಟಿಯ ಜೊತೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗುತ್ತಲೇ ಇರುತ್ತದೆ. ಗರ್ಭದಲ್ಲಿರುವ ಶಿಶು ಅಪಾಯಕ್ಕೆ ಸಿಕ್ಕಾಗ ಬಡಿತದ ಸರಾಸರಿ ಬದಲಾಗುವ ಮೊದಲೇ ಈ ಏರಿಳಿತ ಕುಗ್ಗುತ್ತದೆ ಎಂದು ಹಾನ್ ಮತ್ತು ಲೀ 1963ರಲ್ಲೇ ತೋರಿಸಿದ್ದರು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ರ್‍ಯಾಂಡಲ್ ಮೂರ್‌ಮನ್, ಪಮೇಲಾ ಗ್ರಿಫಿನ್ ಮತ್ತು ಸಂಗಡಿಗರು ಇದೇ ಎಳೆ ಹಿಡಿದು, ತಿಂಗಳು ತುಂಬದೆ ಹುಟ್ಟಿದ ಕೂಸುಗಳಲ್ಲಿ ಸೆಪ್ಸಿಸ್ ಕಣ್ಣಿಗೆ ಕಾಣುವ ಮೊದಲು ಬಡಿತದ ಏರಿಳಿತ ಕುಗ್ಗಿ, ನಡುನಡುವೆ ಬಡಿತ ಒಮ್ಮೆಲೇ ಇಳಿದು ಏಳುವುದನ್ನು ಗುರುತಿಸಿದರು. ಮುಂದಿನ 24 ಗಂಟೆಯಲ್ಲಿ ಕೂಸು ಹದಗೆಡುವ ಸಂಭವ ಸಾಮಾನ್ಯಕ್ಕಿಂತ ಎಷ್ಟು ಪಟ್ಟು ಎಂದು ಒಂದೇ ಅಂಕೆಯಲ್ಲಿ ತೋರಿಸುವ ಯಂತ್ರ ಅದರಿಂದ ಬಂತು. ಒಂಬತ್ತು ಶಿಶು ಐಸಿಯುಗಳಲ್ಲಿ 3,003 ಕೂಸುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದರಲ್ಲಿ ಮಾತ್ರ ಆ ಅಂಕೆಯನ್ನು ವೈದ್ಯರಿಗೆ ತೋರಿಸಿದರು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು: ಅಂಕೆ ಕಾಣದ ಗುಂಪಿನಲ್ಲಿ ಶೇಕಡಾ 10.2 ಕೂಸುಗಳು ತೀರಿಕೊಂಡರೆ ಕಂಡ ಗುಂಪಿನಲ್ಲಿ 8.1. ಪ್ರಯೋಗದ ಮುಖ್ಯ ಗುರಿಯಾಗಿದ್ದುದು ವೆಂಟಿಲೇಟರ್ ಇಲ್ಲದೆ ಬದುಕಿದ ದಿನಗಳ ಲೆಕ್ಕ. ಅದರಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಸಾವಿನ ಲೆಕ್ಕ ಎರಡನೆಯ ಸಾಲಿನದು. ಉತ್ಸಾಹದಲ್ಲಿ ಈ ಮಾತನ್ನು ನುಂಗಬಾರದು. ದೊಡ್ಡವರ ವಿಷಯದಲ್ಲಿ ಆಧಾರ ಇನ್ನೂ ತೆಳು. ಕೆನಡಾದ ಆಟವಾದಲ್ಲಿ ಅಸ್ಥಿಮಜ್ಜೆ ಬದಲಿಸಿಕೊಂಡ ರೋಗಿಗಳನ್ನು ಬಿಡದೆ ಗಮನಿಸಿದಾಗ, ಸೆಪ್ಸಿಸ್ ಎಂದು ವೈದ್ಯರು ಹೇಳುವುದಕ್ಕೆ ಸರಾಸರಿ 35 ಗಂಟೆ ಮೊದಲೇ ಏರಿಳಿತ ಕುಗ್ಗಿತ್ತೆಂದು 2009ರಲ್ಲಿ ವರದಿಯಾಯಿತು. 35 ಗಂಟೆ ಎಂದರೆ ಕಿವಿ ನಿಮಿರುತ್ತದೆ. ಆದರೆ ಗಮನಿಸಿದ್ದು 17 ರೋಗಿಗಳನ್ನು ಮಾತ್ರ.

ಇನ್ನು ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಗಟ್ಟಿಯಾದದ್ದು: ನಾಡಿ ಯಾವುದಕ್ಕೆ ತಾನೇ ಏರುವುದಿಲ್ಲ? ಜ್ವರ, ನೋವು, ಹೆದರಿಕೆ, ರಕ್ತಹೀನತೆ, ವಾಂತಿಭೇದಿ, ಎರಡು ಮಹಡಿ ಹತ್ತಿ ಬಂದದ್ದು, ಎಲ್ಲಕ್ಕೂ ಏರುತ್ತದೆ. 1990ರ ದಶಕದ ಆರಂಭದಲ್ಲಿ ಬಂದ ಹಳೆಯ ಮಾನದಂಡದಲ್ಲಿ ನಾಡಿ 90 ದಾಟುವುದು ಒಂದು ಲಕ್ಷಣವಾಗಿತ್ತು. ಆ ಲೆಕ್ಕದಲ್ಲಿ ಫ್ಲೂ ಬಂದ ಅರ್ಧ ಊರು ಸೆಪ್ಸಿಸ್ ಪಟ್ಟಿಗೆ ಸೇರುತ್ತದೆ. 2016ರ ತಜ್ಞರು ಹಾಸಿಗೆಯ ಪಕ್ಕದಲ್ಲೇ ನೋಡಲು ಕೊಟ್ಟ ಮೂರು ಲಕ್ಷಣಗಳಲ್ಲಿ ನಾಡಿ ಇಲ್ಲವೇ ಇಲ್ಲ. ಉಸಿರು ನಿಮಿಷಕ್ಕೆ 22 ಅಥವಾ ಹೆಚ್ಚು, ಬಿಪಿಯ ಮೇಲಿನ ಅಂಕೆ 100 ಅಥವಾ ಕಡಿಮೆ, ಬುದ್ಧಿ ಮಂಕಾಗುವುದು ಇವೇ ಆ ಮೂರು. ತಜ್ಞರೇ ಕೈಬಿಟ್ಟದ್ದನ್ನು ನೀವು ಹಳೇಬೀಡಿಗೆ ತರುತ್ತಿದ್ದೀರಲ್ಲ ಎಂದು ಕೇಳಬಹುದು. ಉತ್ತರ ಹೀಗಿದೆ. ಆ ಮೂರನ್ನು ಆರಿಸಿದ್ದು ಯಾರು ಸಾಯುವ ಸಂಭವ ಹೆಚ್ಚು ಎಂಬುದನ್ನು ಒಂದು ಸಲದ ನೋಟದಲ್ಲಿ ಬೇರ್ಪಡಿಸಲು. ಒಂದು ಸಲದ ನೋಟದಲ್ಲಿ ನಾಡಿ ದುರ್ಬಲ ಸಾಕ್ಷಿ ಎಂಬುದು ನಿಜ. ಆದರೆ ಸಾವಿನ ಸಂಭವ ನೋಡಿ ಆರಿಸಿದ್ದರಿಂದಲೇ ಆ ಮೂರು ಲಕ್ಷಣಗಳು ತಡವಾಗಿ ಎಚ್ಚರಿಸುತ್ತವೆ. 2021ರಲ್ಲಿ ಸೆಪ್ಸಿಸ್ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಅವುಗಳನ್ನೊಂದೇ ಜರಡಿಯಾಗಿ ನೆಚ್ಚಬೇಡಿ ಎಂದು ಹೇಳಿ, ನಾಡಿಯನ್ನೂ ಒಳಗೊಂಡ ಅಂಕಪಟ್ಟಿಗಳೇ ಮೇಲು ಎಂದದ್ದು ಇದೇ ಕಾರಣಕ್ಕೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ಅಂಕಪಟ್ಟಿಯಲ್ಲಿ ನಾಡಿ 91ರಿಂದ 110 ಇದ್ದರೆ ಒಂದು ಅಂಕ, 130ರವರೆಗೆ ಎರಡು, 131 ಮುಟ್ಟಿದರೆ ಮೂರು. ಉಸಿರು, ಆಮ್ಲಜನಕ, ಬಿಪಿ, ಉಷ್ಣತೆ, ಪ್ರಜ್ಞೆ ಇವುಗಳ ಅಂಕ ಕೂಡಿಸಿ ನೋಡಬೇಕು. ಒಂಟಿ ನಾಡಿಯನ್ನು ಅಲ್ಲಿ ಯಾರೂ ನಂಬಿಲ್ಲ, ನಾನೂ ನಂಬಿ ಎನ್ನುತ್ತಿಲ್ಲ.

ಜ್ವರದ ಆಕ್ಷೇಪಕ್ಕೆ ಇನ್ನೂ ನೇರ ಉತ್ತರವಿದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ಸುಮಾರು ಹತ್ತು ಏರುವುದು ವಾಡಿಕೆ. ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿದರೆ ನಾಡಿಯೂ ಇಳಿಯಬೇಕು. ಜ್ವರ ಇಳಿದೂ ನಾಡಿ ಮೇಲೆಯೇ ನಿಂತರೆ, ಅಥವಾ ಡ್ರಿಪ್ ಹಾಕಿದ ಮೇಲೂ ಏರುತ್ತಲೇ ಹೋದರೆ, ಅದನ್ನು ಜ್ವರದ ತಲೆಗೆ ಕಟ್ಟುವಂತಿಲ್ಲ. ನಿಖರತೆ ಬರುವುದು ಹೀಗೆ: ಎರಡು ಅಳತೆಗಳು ಜೊತೆಯಾಗಿ ನಡೆಯಬೇಕಾದ ಕಡೆ ಬೇರೆ ಬೇರೆ ದಾರಿ ಹಿಡಿದದ್ದನ್ನು ನೋಡುವುದರಿಂದ. ಹಿಂದಿನ ಅಂಕೆ ಬರೆದಿಟ್ಟಿರದಿದ್ದರೆ ಹಾಗೆ ನೋಡುವುದು ಸಾಧ್ಯವೇ ಇಲ್ಲ. ಹಾಸನದ ಎಮರ್ಜೆನ್ಸಿ ವಾರ್ಡಿಗೆ ಒಂದೇ ಹೊತ್ತಿಗೆ ಇಬ್ಬರು ಬಂದರು, ಇಬ್ಬರ ನಾಡಿಯೂ 118 ಎಂದು ಊಹಿಸಿಕೊಳ್ಳಿ. ಒಬ್ಬರದು ಬೆಳಿಗ್ಗೆ 136 ಇದ್ದದ್ದು ಚಿಕಿತ್ಸೆಗೆ ಬಗ್ಗಿ 118ಕ್ಕೆ ಇಳಿದಿದೆ. ಇನ್ನೊಬ್ಬರದು 92ರಿಂದ 104ಕ್ಕೆ, ಅಲ್ಲಿಂದ 118ಕ್ಕೆ ಹತ್ತಿದೆ. ಅಂಕೆ ಒಂದೇ, ಅರ್ಥ ಒಂದಕ್ಕೊಂದು ವಿರುದ್ಧ. ಇದನ್ನು ಹೇಳಬಲ್ಲ ಕಾಗದ ಹಾಸನದಲ್ಲಿ ಹುಟ್ಟುವುದಿಲ್ಲ, ಹೊರಟ ಊರಿನಿಂದ ಬರಬೇಕು.

ಎರಡನೆಯ ಆಕ್ಷೇಪ ಮೊದಲಿನದಕ್ಕೆ ತದ್ವಿರುದ್ಧ: ಏರಬೇಕಾದ ನಾಡಿ ಏರದಿದ್ದರೆ? ಮಲೆನಾಡಿನ ಮಗ್ಗುಲಲ್ಲಿರುವ ನಮಗೆ ಇದು ಹೊರಗಿನ ಮಾತಲ್ಲ. ಟೈಫಾಯಿಡ್‌ನಲ್ಲಿ ಜ್ವರದ ಎತ್ತರಕ್ಕೆ ತಕ್ಕಷ್ಟು ನಾಡಿ ಏರುವುದಿಲ್ಲವೆಂಬುದು ಹಳೆಯ ತಿಳಿವಳಿಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಿಂದ ಬೆಳಕಿಗೆ ಬಂದ ಮಂಗನ ಕಾಯಿಲೆಯಲ್ಲೂ ನಾಡಿ ನಿಧಾನವಾಗಿರುವುದುಂಟು. ಬಿಪಿಗೆ, ಎದೆನೋವಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗುವ ಹಿರಿಯರ ನಾಡಿಯನ್ನು ಆ ಮಾತ್ರೆಯೇ ಹಿಡಿದಿಡುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸಿದ್ದರೆ ಬಡಿತದ ಏರಿಳಿತ ಆರೋಗ್ಯದ ದಿನಗಳಲ್ಲೇ ಕುಗ್ಗಿರುತ್ತದೆ. ಬಡಿತ ತಾಳತಪ್ಪುವ ಕಾಯಿಲೆಯಿದ್ದರಂತೂ ಏರಿಳಿತದ ಲೆಕ್ಕವೇ ಅರ್ಥ ಕಳೆದುಕೊಳ್ಳುತ್ತದೆ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ನಾಡಿ ಏರಿದ್ದು ಎಚ್ಚರಿಕೆಯಾದೀತು, ಏರದಿರುವುದು ಅಭಯವಾಗದು. ಮಾತ್ರೆಯ ಚೀಟಿ ನೋಡದೆ ನಾಡಿ ನೋಡಿದರೆ ಅರ್ಧ ನೋಡಿದಂತೆ. ಅಂಥವರಲ್ಲಿ ಉಸಿರಿನ ವೇಗ, ಮಾತಿನ ತೊದಲು, ಮೂತ್ರದ ಪ್ರಮಾಣ ಇವೇ ಮುಂದೆ ಬರಬೇಕು.

ಅಪಾಯ ಕಣ್ಣಿಗೆ ಕಂಡರೆ ಸಾಕೇ ಎಂಬ ಮೂರನೆಯ ಪ್ರಶ್ನೆಯನ್ನು ಕೇಳಿದ್ದು ನಮ್ಮದೇ ರಾಜ್ಯದ ಗೋಕಾಕ. ಬಿಪಿ ಮತ್ತು ನಾಡಿಯನ್ನು ಒಟ್ಟಿಗೆ ಅಳೆದು, ಶಾಕ್ ಇಂಡೆಕ್ಸ್ ತಾನೇ ಲೆಕ್ಕಹಾಕಿ, ಟ್ರಾಫಿಕ್ ದೀಪದ ಹಾಗೆ ಹಸಿರು, ಹಳದಿ, ಕೆಂಪು ತೋರಿಸುವ ಅಗ್ಗದ ಯಂತ್ರವೊಂದನ್ನು ಗರ್ಭಿಣಿ, ಬಾಣಂತಿಯರಿಗಾಗಿ ರೂಪಿಸಲಾಯಿತು. ರಕ್ತಸ್ರಾವ, ಸೆಪ್ಸಿಸ್, ಬಿಪಿ ಏರಿಕೆ ಮೂರನ್ನೂ ಮೊದಲೇ ಹಿಡಿಯುವುದು ಉದ್ದೇಶ. ಅಂಕಗಣಿತ ತಿಳಿಯದವರೂ ಬಣ್ಣ ನೋಡಿ ತೀರ್ಮಾನಿಸಬಹುದು. ಆಫ್ರಿಕಾದ ಹಲವು ದೇಶಗಳು, ಹೈಟಿ ಮತ್ತು ಭಾರತದಲ್ಲಿ ಒಟ್ಟು ಹತ್ತು ಕಡೆ ಇದನ್ನು ಪರೀಕ್ಷಿಸಿದರು. ಭಾರತದ ಜಾಗ ಗೋಕಾಕ. ಐದು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕ ಅದರಲ್ಲಿದೆ. ತಾಯಿಯ ಸಾವು ಮತ್ತು ಸಾವಿನ ಅಂಚಿಗೆ ಒಯ್ಯುವ ತೊಡಕುಗಳು ಹತ್ತು ಸಾವಿರ ಹೆರಿಗೆಗೆ 79ರಿಂದ 73ಕ್ಕೆ ಇಳಿದವು. ಆದರೆ ಯಂತ್ರವಿಲ್ಲದೆಯೂ ಕಾಲಕ್ರಮದಲ್ಲಿ ಇಳಿಯುತ್ತಿದ್ದುದನ್ನು ಕಳೆದು ನೋಡಿದರೆ, ಆ ಇಳಿಕೆ ಯಂತ್ರದ ಗಳಿಕೆ ಎನ್ನಲು ಆಧಾರ ಸಿಗಲಿಲ್ಲ. 2019ರಲ್ಲಿ ಪ್ರಕಟವಾದ ಈ ಫಲಿತಾಂಶ ನನಗೆ ವರ್ಜೀನಿಯಾದ ಯಶಸ್ಸಿಗಿಂತ ಹೆಚ್ಚು ಕಲಿಸುತ್ತದೆ. ಎರಡು ಕಡೆಯೂ ಮಾಡಿದ್ದು ಒಂದೇ ಬಗೆಯ ಕೆಲಸ: ಅಪಾಯವನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು. ಶಿಶು ಐಸಿಯುನಲ್ಲಿ ಅಂಕೆ ಏರಿದಾಗ ಕೂಸಿನ ಪಕ್ಕದಲ್ಲಿ ನರ್ಸ್ ಇದ್ದರು, ಪಕ್ಕದ ಕೋಣೆಯಲ್ಲಿ ವೈದ್ಯರಿದ್ದರು, ರಕ್ತ ಪರೀಕ್ಷೆ, ಔಷಧಿ ಕೈಗೆಟುಕುವಂತಿತ್ತು. ಹಳ್ಳಿಯ ಹೆರಿಗೆ ಕೇಂದ್ರದಲ್ಲಿ ಕೆಂಪು ದೀಪ ಹತ್ತಿದ ಮೇಲೆ ವಾಹನ, ರಕ್ತ, ದೊಡ್ಡಾಸ್ಪತ್ರೆಯ ಹಾಸಿಗೆ ಇವೆಲ್ಲ ಕೂಡಿಬರಬೇಕು. ಕಾಯಿಲೆ, ರೋಗಿ, ಅಳೆದ ಫಲ ಎಲ್ಲವೂ ಬೇರೆಬೇರೆಯಾದ್ದರಿಂದ ಈ ಹೋಲಿಕೆಯನ್ನು ಪುರಾವೆ ಎನ್ನಲಾರೆ, ನನ್ನ ಓದು ಎನ್ನುತ್ತೇನೆ.

ಶ್ರೀಮಂತ ಆಸ್ಪತ್ರೆಗಳಲ್ಲೂ ಯಂತ್ರ ತಾನಾಗಿ ಗೆದ್ದಿಲ್ಲ ಎಂಬುದಕ್ಕೆ ಸಾಕ್ಷಿ ಅಮೆರಿಕದ ಮಿಷಿಗನ್‌ನಲ್ಲಿದೆ. ಆ ದೇಶದ ನೂರಾರು ಆಸ್ಪತ್ರೆಗಳ ಗಣಕಗಳಲ್ಲಿ ಕೂತಿದ್ದ ಸೆಪ್ಸಿಸ್ ಮುನ್ಸೂಚನೆಯ ಲೆಕ್ಕಾಚಾರವೊಂದನ್ನು, ಅದನ್ನು ರೂಪಿಸಿದವರಲ್ಲದ ಹೊರಗಿನವರು ಅಲ್ಲಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ವರದಿಯಂತೆ, ಮೂರರಲ್ಲಿ ಎರಡು ಪಾಲು ಸೆಪ್ಸಿಸ್ ರೋಗಿಗಳನ್ನು ಅದು ಗುರುತಿಸಿರಲಿಲ್ಲ. ಅದೇ ಹೊತ್ತಿಗೆ ದಾಖಲಾದವರಲ್ಲಿ ನೂರಕ್ಕೆ 18 ಮಂದಿಯ ಮೇಲೆ ಎಚ್ಚರಿಕೆ ಮೊಳಗಿಸಿತ್ತು. ಬೆಂಗಳೂರಿನ ಡೋಜಿ ಕಂಪನಿ ಹಾಸಿಗೆಯಡಿ ಹಾಸುವ ತೆಳುವಾದ ಹಾಳೆಯಿಂದ, ಮೈಗೆ ತಂತಿ ಅಂಟಿಸದೆ, ಎದೆಬಡಿತ ಮತ್ತು ಉಸಿರನ್ನು ಬಿಡದೆ ಅಳೆಯುವ ಉಪಕರಣ ಮಾಡುತ್ತಿದೆ. ನರ್ಸ್‌ಗಳು ಕಡಿಮೆಯಿರುವ ಸಾಮಾನ್ಯ ವಾರ್ಡಿಗೆ ಇಂಥದ್ದು ಬೇಕಾದದ್ದೇ. ಆದರೆ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ರಾತ್ರಿ ಎರಡಕ್ಕೆ ಅದು ಕೂಗಿದರೆ ಯಾರು ಎದ್ದು ಬರುತ್ತಾರೆ, ಬಂದು ಏನು ಮಾಡುತ್ತಾರೆ? ಇದಕ್ಕೆ ಹೆಸರು ಹಿಡಿದು ಉತ್ತರ ಕೊಡಲಾಗದಿದ್ದರೆ ಸದ್ಯಕ್ಕೆ ಪೆನ್ನು ಕಾಗದವೇ ಸಾಕು.

ನಾಡಿಯನ್ನೇ ಇಳಿಸಿಬಿಟ್ಟರೆ ಆಯಿತಲ್ಲ ಎನ್ನುವವರಿಗೂ ಒಂದು ಮಾತು. 2013ರಲ್ಲಿ ಇಟಲಿಯ ಒಂದೇ ಆಸ್ಪತ್ರೆಯ ಪ್ರಯೋಗ ಹಾಗೆ ಆಸೆ ಹುಟ್ಟಿಸಿತ್ತು. ಬ್ರಿಟನ್ನಿನಲ್ಲಿ ಹಲವು ಐಸಿಯುಗಳಲ್ಲಿ ಲ್ಯಾಂಡಿಯೊಲಾಲ್ ಎಂಬ ಔಷಧಿಯಿಂದ ಅದನ್ನೇ ಮಾಡಿ ನೋಡಿದಾಗ ಪ್ರಯೋಜನ ಕಾಣದೆ, ಹಾನಿಯ ಶಂಕೆ ಬಂದು, ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ವರದಿ 2023ರಲ್ಲಿ ಬಂತು. ಸುದ್ದಿ ತಂದವನ ಬಾಯಿ ಮುಚ್ಚಿಸಿದರೆ ಸುದ್ದಿ ಸುಳ್ಳಾಗುವುದಿಲ್ಲ.

ಕೊನೆಯ ಆಕ್ಷೇಪ ಆಂಟಿಬಯಾಟಿಕ್‌ನದು. ನಾಡಿ ಏರಿದವರಿಗೆಲ್ಲ ದೊಡ್ಡ ಔಷಧಿ ಸುರಿದರೆ, ಔಷಧಿಗೆ ಬಗ್ಗದ ರೋಗಾಣುಗಳು ಇನ್ನಷ್ಟು ಹೆಚ್ಚುತ್ತವೆ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳ ನವಜಾತ ಶಿಶುಗಳ ಅಧ್ಯಯನ 2016ರಲ್ಲಿ ತೋರಿಸಿದ್ದು ಈ ಭಯ ಎಷ್ಟು ನಿಜ ಎಂಬುದನ್ನೇ. ಅಲ್ಲಿನ ಸೆಪ್ಸಿಸ್‌ಗೆ ಕಾರಣವಾದ ಮುಖ್ಯ ರೋಗಾಣುಗಳಲ್ಲಿ ಹಲವು ಔಷಧಿಗಳನ್ನು ಸೋಲಿಸಿದವೇ ಬಹಳ. ಆದರೆ 2021ರ ಮಾರ್ಗಸೂಚಿ ಇಲ್ಲಿ ಒಂದು ಹದ ಹೇಳಿದೆ: ಬಿಪಿ ಕುಸಿದಿದ್ದರೆ, ಅಥವಾ ಸೆಪ್ಸಿಸ್ ಎಂಬುದು ಬಹುಮಟ್ಟಿಗೆ ಖಚಿತವಿದ್ದರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್, ಶಂಕೆ ಮಾತ್ರವಿದ್ದು ಬಿಪಿ ಚೆನ್ನಾಗಿದ್ದರೆ ಬೇಗ ಪರೀಕ್ಷಿಸಿ, ಶಂಕೆ ಉಳಿದರೆ ಮೂರು ಗಂಟೆಯೊಳಗೆ. ಆ ಮೂರು ಗಂಟೆ ಸುಮ್ಮನೆ ಕಾಯುವ ಹೊತ್ತಲ್ಲ. ಅರ್ಧ ಗಂಟೆಗೊಮ್ಮೆ ನಾಡಿ, ಉಸಿರು, ಬಿಪಿ, ಉಷ್ಣತೆ ಬರೆದರೆ ಆರು ಸಾಲು ಆಗುತ್ತದೆ. ನಾಡಿಯ ಗೆರೆ ಇಳಿಯುತ್ತಿದ್ದರೆ ಔಷಧಿ ತಡೆಹಿಡಿಯಲು ಧೈರ್ಯ ಬರುತ್ತದೆ, ಏರುತ್ತಿದ್ದರೆ ಕೊಟ್ಟು ಕಳಿಸಲು ಕಾರಣ ಸಿಗುತ್ತದೆ. ಆಂಟಿಬಯಾಟಿಕ್‌ನ ಮಿತಬಳಕೆಗೆ ಈ ಗೆರೆ ಶತ್ರುವಲ್ಲ.

ಆಳು ಸಾಲದು ಎಂಬ ಮಾತು ಉಳಿಯುತ್ತದೆ, ಅದು ಸುಳ್ಳಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬರೇ ನರ್ಸ್ ಹೆರಿಗೆಯನ್ನೂ ನೋಡಿ ವಾರ್ಡನ್ನೂ ನೋಡಬೇಕಾದ ಕಡೆ ಎಲ್ಲರಿಗೂ ಅರ್ಧ ಗಂಟೆಯ ಲೆಕ್ಕ ಆಗದ ಮಾತು. ಎಲ್ಲರಿಗೂ ಬೇಕಾಗಿಯೂ ಇಲ್ಲ. ಸೋಂಕಿನ ಶಂಕೆಯಿದ್ದು ನಾಡಿಯೋ ಉಸಿರೋ ಏರಿರುವ ಒಬ್ಬಿಬ್ಬರಿಗೆ ಸಾಕು. ಹಾಸನಕ್ಕೆ ರೆಫರ್ ಮಾಡುವ ಚೀಟಿಯಲ್ಲಿ ಕಾಯಿಲೆಯ ಹೆಸರಿನ ಕೆಳಗೆ ವೇಳೆ ಹಾಕಿದ ಮೂರು ಸಾಲು ಅಂಕೆಗಳಿಗೆ ಜಾಗ ಅಚ್ಚಾಗಿದ್ದರೆ, 108 ವಾಹನದಲ್ಲಿ ಇನ್ನೆರಡು ಸಾಲು ಸೇರಿದರೆ, ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯವರು ಶೂನ್ಯದಿಂದ ಶುರುಮಾಡಬೇಕಾಗುವುದಿಲ್ಲ. ರೋಗಿಯ ಜೊತೆ ಹೋಗುವ ಮನೆಯವರೂ ಒಂದನ್ನು ಕೇಳಬಹುದು: ಬಂದಾಗ ಪಲ್ಸ್ ಎಷ್ಟಿತ್ತು, ಈಗ ಎಷ್ಟಿದೆ? ಕೇಳಿದರೆ ಯಾರೂ ಮುನಿಸಿಕೊಳ್ಳಬೇಕಾದ್ದಿಲ್ಲ. ಮನೆಯಲ್ಲೇ ಜ್ವರದವರನ್ನು ಮಲಗಿಸಿಕೊಂಡಿದ್ದರೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ, ಗಂಟೆ ಹಾಕಿ ಬರೆದಿಡಿ. ಮಾತ್ರೆಗೆ ಜ್ವರ ಇಳಿದ ಮೇಲೂ ಎಣಿಕೆ ಇಳಿಯದಿದ್ದರೆ, ಉಸಿರು ಮೇಲುಮೇಲಾದರೆ, ಮಾತು ತಡವರಿಸಿದರೆ, ಮೂತ್ರ ಕಡಿಮೆಯಾದರೆ, ಬೆಳಗಿನ ಮೊದಲ ಬಸ್ಸಿಗೆ ಕಾಯದೆ ಆ ರಾತ್ರಿಯೇ ಹೊರಡಿ. ಬರೆದ ಚೀಟಿಯನ್ನೂ ಜೊತೆಗೆ ಒಯ್ಯಿರಿ.